ಕಾಲೇಜು ಹುಡುಕಾಟ: ಒಂಬತ್ತನೇ ತರಗತಿಯ ದಸರಾ ರಜೆಯಿಂದಲೇ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲೇ ಪಿಯು ಕಾಲೇಜಿನ ಅರ್ಜಿಯಲ್ಲಿ ಕಾಂಬಿನೇಷನ್, ಅಂದರೆ ಓದುವ ವಿಷಯಗಳ ಗುಂಪು, ಬರೆಯಬೇಕಾಗುತ್ತದೆ. ಗೆಳೆಯ ಬರೆದದ್ದನ್ನೇ ತಾನೂ ಬರೆಯುವವರು ಬಹಳ. ಮುಂದೆ ಯಾವ ಪದವಿ ಓದಬಹುದು ಎಂಬುದು ಅರ್ಧ ಅಲ್ಲೇ ತೀರ್ಮಾನವಾಗಿರುತ್ತದೆ.

ಆದ್ದರಿಂದ ಮೊದಲು ಒಂದು ನೋಟ್‌ಬುಕ್ ತೆಗೆದುಕೊಂಡು, ಯಾವ ವಿಷಯ ಬಿಟ್ಟರೆ ಏನು ಕೈತಪ್ಪುತ್ತದೆ ಎಂದು ಬರೆಯಿರಿ. ಗಣಿತ ಬಿಟ್ಟರೆ ಎಂಜಿನಿಯರಿಂಗ್ ಇಲ್ಲ. ಜೀವಶಾಸ್ತ್ರ ಬಿಟ್ಟರೆ ಬಿಎಸ್ಸಿ ಅಗ್ರಿ, ಪಶುವೈದ್ಯಕೀಯ ಇಲ್ಲ. ಪಿಸಿಎಂಬಿ (ಭೌತ, ರಸಾಯನ, ಗಣಿತ, ಜೀವಶಾಸ್ತ್ರ) ಎರಡೂ ದಾರಿ ಉಳಿಸುತ್ತದೆ, ಓದಿನ ಹೊರೆಯೂ ಹೆಚ್ಚು. ಐದು ವರ್ಷದ ಕಾನೂನು ಪದವಿಗೆ ಕಲಾ, ವಾಣಿಜ್ಯ, ವಿಜ್ಞಾನ ಯಾವುದಾದರೂ ನಡೆಯುತ್ತದೆ. ಎಸ್ಸೆಸ್ಸೆಲ್ಸಿ ನಂತರ ಮೂರು ವರ್ಷದ ಡಿಪ್ಲೊಮಾ ಮಾಡಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಎಂಜಿನಿಯರಿಂಗ್ ಎರಡನೇ ವರ್ಷಕ್ಕೇ ಸೇರುವ ದಾರಿಯೂ ಇದೆ.

ಮುಂದಿನ ಪುಟದಲ್ಲಿ ಸುತ್ತಲಿನ ಸಂಸ್ಥೆಗಳು, ಎದುರಿಗೆ ಅವು ಕೇಳುವ ಪರೀಕ್ಷೆ. ಧಾರವಾಡದ ಐಐಟಿಗೆ ಜೆಇಇ ಅಡ್ವಾನ್ಸ್ಡ್, ಐಐಐಟಿಗೆ ಜೆಇಇ ಮೇನ್. ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೂ ಅದರ ಹನುಮನಮಟ್ಟಿ ಕಾಲೇಜಿಗೂ ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿ. ರೈತರ ಮಕ್ಕಳ ಕೋಟಾ ಬೇಕಿದ್ದರೆ ಕೃಷಿಯ ಪ್ರಾಯೋಗಿಕ ಪರೀಕ್ಷೆಯನ್ನೂ ಕೊಡಬೇಕು. ಹೊಲದಲ್ಲಿ ಬೆಳೆದವರು ಇದನ್ನು ಬಿಡಬಾರದು.

ಇನ್ನು ಕಟ್‌ಆಫ್ ಪಟ್ಟಿ. ಪರೀಕ್ಷಾ ಪ್ರಾಧಿಕಾರದ, ಅಂದರೆ ಕೆಇಎ ಜಾಲತಾಣದಲ್ಲಿ ಹಿಂದಿನ ವರ್ಷಗಳ ಪಟ್ಟಿ ಪುಕ್ಕಟೆ ಸಿಗುತ್ತದೆ. ಕಾಲೇಜು, ಅದರ ಕೆಳಗೆ ಬ್ರ್ಯಾಂಚ್, ಅಡ್ಡಸಾಲಿನಲ್ಲಿ ಜಿಎಂ (ಸಾಮಾನ್ಯ ವರ್ಗ), 2ಎಜಿ, 2ಎಆರ್, 2ಎಕೆ ಎಂಬ ಸಂಕೇತಗಳು. ಮೊದಲ ಭಾಗ ಪ್ರವರ್ಗ. ಕೊನೆಯ ಅಕ್ಷರ ಆರ್ ಇದ್ದರೆ ಗ್ರಾಮೀಣ, ಕೆ ಇದ್ದರೆ ಕನ್ನಡ ಮಾಧ್ಯಮ, ಜಿ ಇದ್ದರೆ ಎರಡೂ ಅಲ್ಲ. ಅಡಿಯಲ್ಲಿರುವ ಅಂಕಿ ಸೀಟು ಹಂಚಿಕೆಯ ಆ ಸುತ್ತಿನಲ್ಲಿ ಸೀಟು ಸಿಕ್ಕ ಕೊನೆಯ ರ‍್ಯಾಂಕ್. ತಪ್ಪಾಗುವುದು ಮೂರು ಕಡೆ. ಮೊದಲ ಸುತ್ತನ್ನಷ್ಟೇ ನೋಡಿ ಕೈಚೆಲ್ಲುತ್ತಾರೆ. ಕೊನೆಯ ಸುತ್ತನ್ನೂ, ಮೂರು ವರ್ಷದ್ದನ್ನೂ ನೋಡಬೇಕು. ಎಂಜಿನಿಯರಿಂಗ್ ರ‍್ಯಾಂಕನ್ನು ಅಗ್ರಿ ಪಟ್ಟಿಯಲ್ಲಿ ಹುಡುಕುತ್ತಾರೆ. ಎರಡೂ ಬೇರೆ ಬೇರೆ ರ‍್ಯಾಂಕ್. ಮೂರನೆಯದು ಗದಗ ಜಿಲ್ಲೆಯವರದು: ಪಕ್ಕದ ಕೊಪ್ಪಳಕ್ಕೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗಿರುವ 371ಜೆ ಮೀಸಲಾತಿ ಇದೆ, ಗದಗಕ್ಕಿಲ್ಲ. 371ಜೆ ಸೀಟುಗಳ ಪಟ್ಟಿ ನೋಡಿ ಹಿಗ್ಗಬೇಡಿ.

ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಅರ್ಧ ತೂಕ ಸಿಇಟಿಯದು, ಇನ್ನರ್ಧ ದ್ವಿತೀಯ ಪಿಯುಸಿಯ ಭೌತ, ರಸಾಯನ, ಗಣಿತದ ಅಂಕಗಳದು. ಸಿಇಟಿಯೊಂದನ್ನೇ ನೆಚ್ಚಿ ಬೋರ್ಡ್ ಪರೀಕ್ಷೆಯನ್ನು ಕಡೆಗಣಿಸಿದವರು ಇಲ್ಲಿ ಜಾರುತ್ತಾರೆ.

ಕಾಗದಪತ್ರಕ್ಕೆ ಹತ್ತನೇ ತರಗತಿಯೇ ಸರಿಯಾದ ಸಮಯ. ಗ್ರಾಮೀಣ ಮೀಸಲಾತಿ 15%, ಕನ್ನಡ ಮಾಧ್ಯಮ 5%. ಎರಡಕ್ಕೂ ಒಂದರಿಂದ ಹತ್ತರವರೆಗೆ ಪೂರ್ತಿ ಹತ್ತು ವರ್ಷದ ಲೆಕ್ಕ. ನಡುವೆ ಒಂದು ವರ್ಷ ಹುಬ್ಬಳ್ಳಿ ಶಹರದ ಶಾಲೆಯಲ್ಲಿ ಓದಿದ್ದರೂ ಗ್ರಾಮೀಣ ಹೋಯಿತು. ಶಾಲೆ ಬದಲಿಸಿದ್ದರೆ ಪ್ರತಿ ಶಾಲೆಯಿಂದಲೂ ವ್ಯಾಸಂಗ ಪ್ರಮಾಣಪತ್ರ, ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಮಾಡಿಸಿಟ್ಟುಕೊಳ್ಳಿ. ಜಾತಿ-ಆದಾಯ ಪತ್ರದ ಮೇಲೆ ಆರ್‌ಡಿ ಎಂದು ಶುರುವಾಗುವ ಸಂಖ್ಯೆಯನ್ನೂ ಗುರುತು ಹಾಕಿಕೊಳ್ಳಿ. ನಮ್ಮ ಕಡೆ ಹೆಚ್ಚು ಕಾಡುವುದು ಅಡ್ಡಹೆಸರು: ಆಧಾರ್‌ನಲ್ಲಿ ಹಿಂದೆ, ಶಾಲೆಯ ದಾಖಲೆಯಲ್ಲಿ ಮುಂದೆ, ಇನ್ನೊಂದರಲ್ಲಿ ಬರೀ ಇನಿಷಿಯಲ್. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೆಸರು ನೋಂದಾಯಿಸುವ ಮೊದಲೇ ಸರಿಪಡಿಸಿದರೆ ಮುಖ್ಯ ಶಿಕ್ಷಕರ ಹಂತದಲ್ಲೇ ಮುಗಿಯುತ್ತದೆ. ಅಂಕಪಟ್ಟಿ ಅಚ್ಚಾದ ಮೇಲೆ ಮಂಡಳಿಯವರೆಗೆ ಅಲೆದಾಟ.

ಕಡೆಗೆ, ಕಾಲೇಜು ನೋಡಲು ಹೋಗುವುದಾದರೆ ಪಾಠ ನಡೆಯುವ ದಿನವೇ ಹೋಗಿ. ಧಾರವಾಡದ ಕೃಷಿ ಮೇಳ ಇದಕ್ಕೆ ಹೊರತು. ಆ ದಿನಗಳಲ್ಲಿ ಅಲ್ಲಿನ ವಿದ್ಯಾರ್ಥಿಗಳನ್ನೇ ಮಾತಾಡಿಸಬಹುದು. ಗೇಟಿನ ಫ್ಲೆಕ್ಸಿನಲ್ಲಿರುವ ದೊಡ್ಡ ಸಂಬಳ ಒಬ್ಬರದು. ನಿಮ್ಮ ಬ್ರ್ಯಾಂಚಿನ ಎಷ್ಟು ಜನರಲ್ಲಿ ಎಷ್ಟು ಜನರಿಗೆ ಕೆಲಸ ಸಿಕ್ಕಿತು ಎಂದು ಕೇಳಿ. ಬೋಧನಾ ಶುಲ್ಕದ ಜೊತೆಗೆ ಹಾಸ್ಟೆಲ್, ಮೆಸ್, ಪರೀಕ್ಷಾ ಶುಲ್ಕ ಸೇರಿಸಿ ವರ್ಷದ ಒಟ್ಟು ಮೊತ್ತ ಬರೆಸಿಕೊಳ್ಳಿ. ಊರಿಂದಲೇ ಓಡಾಡುವವರು ಸಂಜೆ ಲ್ಯಾಬ್ ಬಿಡುವ ಹೊತ್ತನ್ನೂ ಊರಿನ ಕೊನೆಯ ಬಸ್ಸಿನ ಹೊತ್ತನ್ನೂ ಒಂದರ ಕೆಳಗೊಂದು ಬರೆದು ನೋಡಿ.