ಚೇಂಜ್‌ಓವರ್ ಹಾಕಿದ ಮೇಲೂ ಉಳಿಯುವ ಕೆಲಸ: ಜನರೇಟರ್‌ನ ನ್ಯೂಟ್ರಲ್

5 ಕೆವಿಎ ಸಿಂಗಲ್ ಫೇಸ್ ಪೆಟ್ರೋಲ್ ಜನರೇಟರನ್ನು ಮನೆಯ ವೈರಿಂಗ್‌ಗೆ ಜೋಡಿಸಿದ ಕೆಲಸದ ವಿವರ ಇದು. ಮೇನ್ಸ್ ಇಲ್ಲವೇ ಜನರೇಟರ್, ಎರಡರಲ್ಲಿ ಒಂದನ್ನೇ ಮನೆಗೆ ಕೂಡಿಸುವ ಚೇಂಜ್‌ಓವರ್ ಸ್ವಿಚ್ ಬೇಕು ಅನ್ನುವುದು ಬಹುತೇಕ ಎಲ್ಲರಿಗೂ ಗೊತ್ತು. ಅದನ್ನು ಹಾಕಿಯೂ, ಜನರೇಟರ್ ಮೇಲೆ ನಡೆಯುವಾಗ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಬರೀ ಅಲಂಕಾರಕ್ಕೆ ಕೂತಿರಬಹುದು ಅನ್ನುವುದು ಅಷ್ಟಾಗಿ ಯಾರ ಗಮನಕ್ಕೂ ಬರುವುದಿಲ್ಲ. ನನಗೆ ಹೆಚ್ಚು ಹೊತ್ತು ಹಿಡಿದದ್ದೂ ಆ ಭಾಗವೇ. ಮೀಟರ್ ಮತ್ತು ಅದರ ಸೀಲ್ ನಮ್ಮ ಕೈಗೆ ಸೇರಿದ್ದಲ್ಲ. ಅಲ್ಲಿಂದ ಬರುವ ಮೇನ್ಸ್ ವೈರನ್ನು ಬಿಚ್ಚಿ ಕೂರಿಸುವ ಕೆಲಸವನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ಗೇ ಬಿಟ್ಟೆ.

ಎರಡೂ ತುದಿಗೆ ಪಿನ್ ಇರುವ ವೈರ್ ಮಾಡಿಕೊಂಡು ಜನರೇಟರ್ ಕರೆಂಟನ್ನು ಗೋಡೆಯ ಸಾಕೆಟ್‌ಗೆ ಕೊಡುವ ರೂಢಿಯೊಂದಿದೆ. ಅದನ್ನು ಮಾತ್ರ ಮಾಡಲೇಬಾರದು. ಒಂದು ತುದಿ ಕಳಚಿದರೆ ಬರಿಯ ಪಿನ್ ಮೇಲೆ 230 ವೋಲ್ಟ್. ಮೇನ್ ಸ್ವಿಚ್ ಇಳಿಸುವುದನ್ನು ಮರೆತರೆ ಕರೆಂಟ್ ಹಿಂದಕ್ಕೆ ಬೀದಿಯ ಲೈನಿಗೆ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್‌ಗೆ ಯಾವ ಕಡೆಯಿಂದ ಕೊಟ್ಟರೂ ಒಂದೇ: ಈ ಕಡೆ 230 ಕೊಟ್ಟರೆ ಆ ಕಡೆ ಸಾವಿರಾರು ವೋಲ್ಟ್ ಏಳುತ್ತದೆ. ಲೈನ್ ಆಫ್ ಆಗಿದೆ ಅಂದುಕೊಂಡು ಕಂಬ ಹತ್ತಿದವರ ಕೈ ಅಲ್ಲಿರುತ್ತದೆ. ಇನ್ನು ಜನರೇಟರ್ ನಡೆಯುತ್ತಿರುವಾಗಲೇ ಮೇನ್ಸ್ ಮರಳಿ ಬಂದರೆ ಸುಡುವುದು ಆಲ್ಟರ್ನೇಟರ್, ಅಂದರೆ ಜನರೇಟರ್‌ನಲ್ಲಿ ಕರೆಂಟ್ ಹುಟ್ಟಿಸುವ ಭಾಗ. ಮೇನ್ ಇಳಿಸುವುದು ನೆನಪಿರುತ್ತದೆ ಅನ್ನುವ ಭರವಸೆಗೆ ಇಲ್ಲಿ ಬೆಲೆಯಿಲ್ಲ. ಎರಡು ಕರೆಂಟ್ ಸೇರಲು ಸ್ವಿಚ್‌ನ ರಚನೆಯೇ ಬಿಡಬಾರದು.

ಲೋಡ್ ಲೆಕ್ಕ ಸರಳ. ಎಂಟು ಎಲ್‌ಇಡಿ ದೀಪ 72 ವಾಟ್, ನಾಲ್ಕು ಫ್ಯಾನ್ 300, ಫ್ರಿಜ್ 150, ಟಿವಿ ಮತ್ತು ರೂಟರ್ 120, ಒಂದು ಎಚ್‌ಪಿ ನೀರಿನ ಪಂಪ್ ಸುಮಾರು 1,100. ಒಟ್ಟು 1,750 ವಾಟ್‌ನ ಆಸುಪಾಸು. ಹಾಗಾದರೆ 2 ಕೆವಿಎ ಸಾಕಲ್ಲ ಅನ್ನಿಸುತ್ತದೆ, ಸಾಲದು. ಮೋಟಾರ್ ಏಳುವ ಕ್ಷಣದಲ್ಲಿ ನಡೆಯುವ ಕರೆಂಟಿನ ನಾಲ್ಕರಿಂದ ಆರು ಪಟ್ಟು ಎಳೆಯುತ್ತದೆ. ಸಣ್ಣ ಜನರೇಟರ್ ಆ ಹೊತ್ತಿಗೆ ಮುಗ್ಗರಿಸಿ ವೋಲ್ಟೇಜ್ ಕುಸಿಯುತ್ತದೆ, ಪಂಪ್ ಏಳದೆ ಗುಂಯ್‌ಗುಟ್ಟುತ್ತಾ ಬಿಸಿಯಾಗುತ್ತದೆ. ಗೀಸರ್, ಇಸ್ತ್ರಿ ಪೆಟ್ಟಿಗೆ, ಎಸಿ ಇವನ್ನು ಜನರೇಟರ್ ಪಾಲಿನಿಂದ ಹೊರಗಿಟ್ಟೆ.

ಜನರೇಟರ್ ಮೇಲೆ ನಡೆಯಬೇಕಾದ ಸರ್ಕ್ಯೂಟ್‌ಗಳಿಗೆ ಬೇರೆ ಡಿಬಿ (ಕರೆಂಟ್ ಹಂಚುವ ಬೋರ್ಡ್) ಕೂರಿಸಿ, ಅದರ ಮುಂದೆ 63 ಆಂಪಿಯರ್‌ನ 2 ಪೋಲ್ ಚೇಂಜ್‌ಓವರ್ ಹಾಕಿದೆ: ಕರೆಂಟ್ ತರುವ ಫೇಸ್, ಅದು ಮರಳುವ ನ್ಯೂಟ್ರಲ್ ಎರಡನ್ನೂ ಬದಲಿಸುವಂಥದ್ದು. ಸ್ಥಾನ ಮೂರು: 1 ಮೇನ್ಸ್, 0 ಎರಡೂ ಇಲ್ಲ, 2 ಜನರೇಟರ್. ಒಂದನ್ನು ಪೂರ್ತಿ ಬಿಡಿಸಿದ ಮೇಲೆಯೇ ಇನ್ನೊಂದನ್ನು ಕೂಡಿಸುವ ಬಗೆಯದೇ ಆಗಬೇಕು. ಫೇಸ್ ಮಾತ್ರ ಬದಲಿಸುವ 1 ಪೋಲ್ ಸ್ವಿಚ್ ಅಗ್ಗ, ಆದರೆ ಅದರಲ್ಲಿ ಜನರೇಟರ್‌ನ ನ್ಯೂಟ್ರಲ್ ಸದಾ ಲೈನಿನ ನ್ಯೂಟ್ರಲ್‌ಗೆ ಅಂಟಿಕೊಂಡೇ ಇರುತ್ತದೆ. ಮೂರು ಫೇಸ್ ಜನರೇಟರ್ ಆದರೆ 4 ಪೋಲ್ ಬೇಕು. ಅದರಲ್ಲಿ ನ್ಯೂಟ್ರಲ್ ಕೊನೆಗೆ ಬಿಡಬೇಕು, ಮೊದಲು ಕೂಡಬೇಕು. ಇಲ್ಲವಾದರೆ ಒಂದು ಕ್ಷಣ ನ್ಯೂಟ್ರಲ್ ತಪ್ಪಿ ಯಾವುದೋ ಫೇಸಿನ ಉಪಕರಣಕ್ಕೆ 300ಕ್ಕೂ ಹೆಚ್ಚು ವೋಲ್ಟ್ ಹೋಗುತ್ತದೆ.

5 ಕೆವಿಎಯನ್ನು 230ರಿಂದ ಭಾಗಿಸಿದರೆ ಸುಮಾರು 22 ಆಂಪಿಯರ್. ಜನರೇಟರ್ ಇಡುವ ಜಾಗಕ್ಕೆ 20 ಮೀಟರ್. ಹೋಗಿ ಬರುವ 40 ಮೀಟರ್‌ಗೆ 2.5 ಚದರ ಮಿ.ಮೀ. ತಾಮ್ರದಲ್ಲಿ 20 ಆಂಪಿಯರ್ ಹರಿದರೆ 5.6 ವೋಲ್ಟ್ ದಾರಿಯಲ್ಲೇ ಹೋಗುತ್ತದೆ, 4 ಚದರ ಮಿ.ಮೀ.ನಲ್ಲಿ 3.5. ಹಾಗಾಗಿ 4 ಚದರ ಮಿ.ಮೀ.ನ ಮೂರು ಕೋರ್ ರಬ್ಬರ್ ಕೇಬಲ್. ಹೊರಗೋಡೆಗೆ ನೀಲಿ ಬಣ್ಣದ 32 ಆಂಪಿಯರ್ ಇಂಡಸ್ಟ್ರಿಯಲ್ ಇನ್‌ಲೆಟ್: ಗೋಡೆಯ ಕಡೆ ಪಿನ್, ಕೇಬಲ್ ಕಡೆ ತೂತು. ಹೀಗಿದ್ದರೆ ಕೈಗೆ ಸಿಗುವ ಪಿನ್‌ನಲ್ಲಿ ಎಂದೂ ಕರೆಂಟ್ ಇರುವುದಿಲ್ಲ.

ಇನ್‌ಲೆಟ್ ಪಕ್ಕದ ಪೆಟ್ಟಿಗೆಯಲ್ಲಿ 20 ಆಂಪಿಯರ್‌ನ 2 ಪೋಲ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್), ಬಿ ಕರ್ವ್‌ನದು. ಎಷ್ಟು ಪಟ್ಟು ಕರೆಂಟಿಗೆ ತಕ್ಷಣ ಬೀಳುತ್ತದೆ ಅನ್ನುವುದನ್ನು ಕರ್ವ್ ಹೇಳುತ್ತದೆ. ಇದಕ್ಕೆ ಕಾರಣವಿದೆ. ಶಾರ್ಟ್ ಆದಾಗ ಮೇನ್ಸ್ ನೂರಾರು ಆಂಪಿಯರ್ ಸುರಿಯುತ್ತದೆ. ಸಣ್ಣ ಆಲ್ಟರ್ನೇಟರ್‌ಗೆ ಆ ಶಕ್ತಿಯಿಲ್ಲ. ಸಿ ಕರ್ವ್ ತಕ್ಷಣ ಬೀಳಲು ಐದರಿಂದ ಹತ್ತು ಪಟ್ಟು, ಅಂದರೆ 100ರಿಂದ 200 ಆಂಪಿಯರ್ ಬೇಕು. ಬಿ ಕರ್ವ್‌ಗೆ ಮೂರರಿಂದ ಐದು ಪಟ್ಟು ಸಾಕು.

ಈಗ ನ್ಯೂಟ್ರಲ್. ಆರ್‌ಸಿಸಿಬಿ ನೋಡುವುದು ಒಂದೇ ಸಂಗತಿ: ಫೇಸ್‌ನಲ್ಲಿ ಹೋದದ್ದು ನ್ಯೂಟ್ರಲ್‌ನಲ್ಲಿ ಮರಳಿತೇ? 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೆ ಬೀಳುತ್ತದೆ. ಸೋರಿದ ಕರೆಂಟ್ ಅರ್ಥಿಂಗ್ ಮೂಲಕ ಹೊರಟ ಜಾಗಕ್ಕೆ ಮರಳಲು ದಾರಿ ಇದ್ದರಷ್ಟೇ ಆ ವ್ಯತ್ಯಾಸ ಹುಟ್ಟುತ್ತದೆ. ಮೇನ್ಸ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಬಳಿ ನ್ಯೂಟ್ರಲ್ ನೆಲಕ್ಕೆ ಕೂಡಿರುವುದರಿಂದ ದಾರಿ ಇದೆ. ಹೊತ್ತೊಯ್ಯುವ ಜನರೇಟರ್‌ಗಳಲ್ಲಿ ಎಷ್ಟೋ ವೇಳೆ ನ್ಯೂಟ್ರಲ್ ಯಾವುದಕ್ಕೂ ಕೂಡಿರುವುದಿಲ್ಲ. ಮೊದಲ ಸೋರಿಕೆ ಯಾರಿಗೂ ಗೊತ್ತಾಗದು. ಇನ್ನೊಂದು ವೈರೂ ಉಪಕರಣದ ಲೋಹದ ಮೈಗೆ ತಗುಲಿದ ದಿನ ಆರ್‌ಸಿಸಿಬಿ ಸುಮ್ಮನೆ ಕೂತಿರುತ್ತದೆ.

ನಿಲ್ಲಿಸಿದ ಜನರೇಟರ್‌ನ ಸಾಕೆಟ್‌ನಲ್ಲಿ ನ್ಯೂಟ್ರಲ್ ತೂತಿಗೂ ಬಾಡಿಗೂ ನಡುವೆ ಮಲ್ಟಿಮೀಟರ್ ಇಟ್ಟೆ: ಕಂಟಿನ್ಯೂಟಿ ಇಲ್ಲ, ಅಂದರೆ ಎರಡೂ ಒಂದಕ್ಕೊಂದು ಕೂಡಿಲ್ಲ. ಚಾಲೂ ಮಾಡಿ ಅಳೆದರೆ ಎರಡು ತೂತಿನ ನಡುವೆ 231 ವೋಲ್ಟ್, ಆದರೆ ಒಂದೊಂದರಿಂದ ಜನರೇಟರ್ ಮೈಗೆ 110ರ ಆಸುಪಾಸಿನ ಅಲುಗಾಡುವ ಅಂಕಿ. ಟೆಸ್ಟರ್ ಎರಡೂ ಕಡೆ ಮಂದವಾಗಿ ಹೊಳೆಯಿತು. ಯಾವುದಕ್ಕೂ ಕೂಡಿರದ ನ್ಯೂಟ್ರಲ್‌ನ ಗುರುತೇ ಇದು. ಇನ್‌ಲೆಟ್ ಪೆಟ್ಟಿಗೆಯಲ್ಲಿ, ಚೇಂಜ್‌ಓವರ್‌ಗಿಂತ ಜನರೇಟರ್ ಕಡೆಗೆ, ನ್ಯೂಟ್ರಲ್‌ನಿಂದ ಅರ್ಥ್ ಬಾರ್‌ಗೆ 4 ಚದರ ಮಿ.ಮೀ. ತಾಮ್ರದ ಒಂದು ತುಂಡು ಜೋಡಿಸಿದೆ. ಅದೇ ಬಾರಿಗೆ ಮನೆಯ ಅರ್ಥಿಂಗ್, ಅದಕ್ಕೇ ಜನರೇಟರ್ ಬಾಡಿ. ಮತ್ತೆ ಅಳೆದಾಗ ಫೇಸ್‌ನಿಂದ ಅರ್ಥ್‌ಗೆ 231, ನ್ಯೂಟ್ರಲ್‌ನಿಂದ ಸೊನ್ನೆ.

ಈ ಕೂಡಿಕೆ ಒಂದೇ ಕಡೆ ಇರಬೇಕು, ಆರ್‌ಸಿಸಿಬಿಗಿಂತ ಮೊದಲೇ ಇರಬೇಕು. ಜನರೇಟರ್ ಒಳಗೇ ಕೂಡಿಸಿ ಬಂದಿದ್ದರೆ ಹೊರಗೆ ಮತ್ತೊಂದು ಹಾಕಬಾರದು. ಇನ್ವರ್ಟರ್ ಬಗೆಯ ಜನರೇಟರ್ ಆದರೆ ಕೈಪಿಡಿ ಒಪ್ಪದ ಹೊರತು ಹೀಗೆ ಕೂಡಿಸಬಾರದು. ಒಳಗಿನ ಎಲೆಕ್ಟ್ರಾನಿಕ್ಸ್ ಹಾಳಾಗಬಹುದು. ಇನ್ನೊಂದು ಮೋಸವೂ ಇದೆ: ಆರ್‌ಸಿಸಿಬಿ ಮೇಲಿನ ಟೆಸ್ಟ್ ಗುಂಡಿ. ಅದು ಫೇಸ್-ನ್ಯೂಟ್ರಲ್ ನಡುವೆ ಒಳಗಿನ ರೆಸಿಸ್ಟರ್ ಮೂಲಕ ವ್ಯತ್ಯಾಸ ಹುಟ್ಟಿಸುತ್ತದೆ. ಅರ್ಥಿಂಗ್ ದಾರಿ ಇಲ್ಲದಿದ್ದರೂ ಗುಂಡಿ ಒತ್ತಿದರೆ ಟಪ್ಪನೆ ಬೀಳುತ್ತದೆ. ಅದನ್ನು ನಂಬದೆ ಫೇಸ್‌ನಿಂದ ಅರ್ಥ್‌ಗೆ ಸೋರಿಸಿ ನೋಡುವ ಆರ್‌ಸಿಡಿ ಟೆಸ್ಟರ್ (ಆರ್‌ಸಿಸಿಬಿ ಪರೀಕ್ಷಿಸುವ ಸಾಧನ) ಸಾಕೆಟ್‌ಗೆ ಹಾಕಿ, ಜನರೇಟರ್ ಮೇಲೆಯೇ ಪರೀಕ್ಷಿಸಿದೆ.

ಹಳೆಯ ವೈರಿಂಗ್‌ನಲ್ಲಿ ಒಂದು ರೂಮಿನ ಫೇಸ್ ಒಂದು ಸರ್ಕ್ಯೂಟ್‌ನಿಂದ, ನ್ಯೂಟ್ರಲ್ ಪಕ್ಕದ ಬೋರ್ಡಿನಿಂದ ಎರವಲು ತಂದಿರುತ್ತಾರೆ. ಫೇಸ್ ಮಾತ್ರ ಹೊಸ ಡಿಬಿಗೆ ಸರಿಸಿದರೆ ಆ ದೀಪ ಹಾಕಿದೊಡನೆ ಆರ್‌ಸಿಸಿಬಿ ಬೀಳುತ್ತದೆ, ಜನರೇಟರ್ ಮೇಲಾದರೆ ಎರಡು ನ್ಯೂಟ್ರಲ್ ಬೆರೆಯುತ್ತವೆ. ಪತ್ತೆ ಹಚ್ಚಲು ಜನರೇಟರ್ ನಿಲ್ಲಿಸಿ, ಮೇನ್ ಇಳಿಸಿ, ಚೇಂಜ್‌ಓವರ್ 0ಯಲ್ಲಿಟ್ಟು, ಎರಡು ಡಿಬಿಗಳ ನ್ಯೂಟ್ರಲ್ ಬಾರ್‌ಗಳ ನಡುವೆ ಕಂಟಿನ್ಯೂಟಿ ನೋಡಬೇಕು. ಬೀಪ್ ಬಂದರೆ ಒಂದೊಂದೇ ವೈರ್ ಬಿಚ್ಚುತ್ತಾ ಹೋಗುವುದು. ಬೇಸರದ ಕೆಲಸ, ಅಡ್ಡದಾರಿ ಇಲ್ಲ.

ಛಾವಣಿಯ ಸೋಲಾರ್ ಇದ್ದರೆ ಅದನ್ನು ಚೇಂಜ್‌ಓವರ್‌ನ ಮೇನ್ಸ್ ಕಡೆಗೇ ಬಿಡಬೇಕು. ಜನರೇಟರ್ ಕಡೆ ಸಿಕ್ಕಿದರೆ ಅದರ ಇನ್ವರ್ಟರ್ ಜನರೇಟರನ್ನೇ ಗ್ರಿಡ್ ಎಂದು ತಿಳಿದು ಅದರೊಳಕ್ಕೆ ಕರೆಂಟ್ ತಳ್ಳಬಹುದು.

ಹೊಗೆಯಲ್ಲಿ ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಕಿಟಕಿ ಬಾಗಿಲುಗಳಿಂದ ಕನಿಷ್ಠ 6 ಮೀಟರ್ ದೂರ, ಸೈಲೆನ್ಸರ್ ಮನೆಗೆ ಬೆನ್ನು ಹಾಕಿರಬೇಕು. ಗ್ಯಾರೇಜು, ಮೆಟ್ಟಿಲ ಕೆಳಗೆ, ವರಾಂಡ ಯಾವುದೂ ಆಗದು, ಬಾಗಿಲು ತೆರೆದಿದ್ದರೂ ಸರಿಯೇ. ಪೆಟ್ರೋಲ್ ತುಂಬುವುದು ಇಂಜಿನ್ ನಿಲ್ಲಿಸಿ, ತಣ್ಣಗಾದ ಮೇಲೆ.

ಚಾಲೂ ಮಾಡುವಾಗ ಡಿಬಿಯ ಎಂಸಿಬಿಗಳೆಲ್ಲ ಕೆಳಗೆ, ಚೇಂಜ್‌ಓವರ್ 0. ಇಂಜಿನ್ ಮೂರು ನಿಮಿಷ ಬರಿದೇ ಓಡಲಿ. ಲೋಡ್ ಇಲ್ಲದಾಗ 51ರಿಂದ 52 ಹರ್ಟ್ಜ್ ತೋರಿದರೆ ಸರಿ. ಲೋಡ್ ಬಿದ್ದಾಗ 50ಕ್ಕೆ ಇಳಿಯುತ್ತದೆ. ಆಮೇಲೆ 2ಕ್ಕೆ ತಿರುಗಿಸಿ ಪಂಪ್ ಮೊದಲು, ಫ್ರಿಜ್ ಆಮೇಲೆ, ದೀಪ ಫ್ಯಾನ್ ಕೊನೆಗೆ. ಪಂಪ್ ಏಳುವಾಗ ವೋಲ್ಟೇಜ್ ಕುಸಿಯುವುದರಿಂದ ಟಿವಿ ಆಗಲೇ ಚಾಲೂ ಇರುವುದು ಬೇಡ. ಮೇನ್ಸ್ ಬಂದ ಕೂಡಲೇ ತಿರುಗಿಸದೆ ಐದು ನಿಮಿಷ ಕಾಯುವುದು ಒಳ್ಳೆಯದು, ಬಂದದ್ದು ಮತ್ತೆ ಹೋಗುವುದುಂಟು.

ಎಳೆಎಳೆ ತಾಮ್ರದ ವೈರನ್ನು ಬರಿದೇ ಸ್ಕ್ರೂ ಕೆಳಗೆ ಒತ್ತದೆ ಎಲ್ಲದಕ್ಕೂ ಲಗ್ (ತುದಿಗೆ ಒತ್ತಿ ಕೂರಿಸುವ ಲೋಹದ ತುಂಡು) ಹಾಕಿದ್ದೆ. ಆದರೂ ಒಂದು ತಿಂಗಳ ಬಳಿಕ ಎರಡೂ ಕಡೆಯ ಕರೆಂಟ್ ತೆಗೆದು ಬಿಗಿ ನೋಡಿದಾಗ ಚೇಂಜ್‌ಓವರ್‌ನ ನ್ಯೂಟ್ರಲ್ ಸ್ಕ್ರೂ ಇನ್ನೂ ಕಾಲು ಸುತ್ತು ತಿರುಗಿತು.