ಗ್ಯಾಸ್ ಗೀಸರ್ ಜ್ವಾಲೆ ಹಳದಿಯಾದಾಗ ಗಾಳಿಯ ದಾರಿ ಸರಿಪಡಿಸಿದ್ದು ಹೀಗೆ

ಬಚ್ಚಲಿನೊಳಗಿದ್ದ ಗೀಸರ್ ಹಚ್ಚಿ ಐದು ನಿಮಿಷಕ್ಕೆ ನೀಲಿ ಜ್ವಾಲೆ ಹಳದಿಗೆ ತಿರುಗಿ, ಮೇಲಿನ ತಗಡಿಗೆ ಮಸಿ ಹಿಡಿಯುತ್ತಿತ್ತು. ಬರ್ನರ್ ಸ್ವಚ್ಛವಾಗಿಯೇ ಇತ್ತು, ಕೊರತೆ ಗಾಳಿಯದು. ಒಂದು ಕಿಲೋ ಎಲ್‌ಪಿಜಿ ಉರಿಯಲು ಸುಮಾರು 12 ಘನ ಮೀಟರ್ ಗಾಳಿ ಬೇಕು. ಅದು ಸಿಗದಿದ್ದರೆ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಗ್ಯಾಸ್ ಸೋರಿಕೆಯಿಲ್ಲವೆಂದು ಖಚಿತಪಡಿಸಿಕೊಂಡು ಹೊಗೆಕೊಳವೆಯ ಬುಡದಲ್ಲಿ ಊದುಬತ್ತಿ ಹಿಡಿದಾಗ ಕಾರಣ ಕಂಡಿತು: ಎಕ್ಸಾಸ್ಟ್ ಫ್ಯಾನ್ ಹಾಕಿದೊಡನೆ ಹೊಗೆ ಮೇಲೇರದೆ ಕೋಣೆಯೊಳಕ್ಕೇ ಬಾಗಿತು. ಫ್ಯಾನ್ ಕೊಳವೆಯಿಂದಲೇ ಗಾಳಿ ಎಳೆಯುತ್ತಿತ್ತು.

ಗೀಸರನ್ನು ಹೊರಗಿನ ತೆರೆದ ಗೋಡೆಗೆ ಹಾಕಿಸಿ, ಬಿಸಿನೀರಿನ ಪೈಪನ್ನಷ್ಟೇ ಬಚ್ಚಲಿಗೆ ತಂದಿದ್ದು ನಿಜವಾದ ಪರಿಹಾರ. ಜಾಗವಿಲ್ಲದಿದ್ದರೆ ಹೊರಗಿನ ಗಾಳಿ ಎಳೆದು ಹೊರಕ್ಕೇ ಬಿಡುವ ಸೀಲ್ಡ್ ಮಾದರಿಯೇ ಬೇಕು. ಕಿಟಕಿ ತೆರೆದಿಟ್ಟರೆ ಸಾಕು ಎಂಬುದನ್ನು ಒಪ್ಪಲಾರೆ. ಚಳಿಗೆ ಯಾರಾದರೂ ಮುಚ್ಚಿಯೇ ಮುಚ್ಚುತ್ತಾರೆ.