ಕ್ರೂಸ್ ಆರಿಸುವ ಮೊದಲು ಮನೆಯ ಚಿಕ್ಕ ಮಗುವನ್ನು ನೋಡಿ

ಕ್ರೂಸ್ ಹಡಗಿನ ಮಕ್ಕಳ ಕ್ಲಬ್ಬಿನ ಬಾಗಿಲಲ್ಲಿ ನಿಂತಿದ್ದ ಹುಡುಗಿ ನನ್ನ ಮಗಳ ಮುಖ ನೋಡಲಿಲ್ಲ, ಸೊಂಟ ನೋಡಿದಳು. 'ಡೈಪರ್ ಹಾಕಿದ್ದೀರಾ?' ಎಂದಳು. ಹೌದು ಎಂದೆ. 'ಹಾಗಾದರೆ ಒಳಗೆ ಬಿಡುವ ಹಾಗಿಲ್ಲ.' ಈಜುಕೊಳದ ಹತ್ತಿರವೂ ಅದೇ ಮಾತು. ಎರಡೂವರೆ ವರ್ಷದ ಮಗಳು, ಮೂರು ರಾತ್ರಿಯ ಟಿಕೆಟ್ಟು, ಸುತ್ತ ಸಮುದ್ರ. ಆ ಮೂರು ದಿನ ಅವಳು ಆಡಿದ್ದು ಲಿಫ್ಟಿನ ಗುಂಡಿಗಳ ಜೊತೆ. ಹಡಗಿನವರನ್ನು ಬೈದು ಪ್ರಯೋಜನವಿಲ್ಲ, ನಿಯಮ ಬುಕ್ಕಿಂಗ್ ಪುಟದಲ್ಲೇ ಇತ್ತು. ನಾನು ಜಾರುಬಂಡೆಯ ಫೋಟೊ ನೋಡಿದ್ದೆ, ನಿಯಮ ಓದಿರಲಿಲ್ಲ.

ಈಗ ಕಾಸರಗೋಡಿನ ಕುಂಬಳೆ, ಬದಿಯಡ್ಕದ ಕಡೆಯ ಮನೆಗಳಲ್ಲೂ ಕ್ರೂಸ್ ಮಾತು ಕೇಳಿಬರುತ್ತಿದೆ. ಮದುವೆ ಮನೆಯಲ್ಲಿ ಯಾರಾದರೂ ಸಿಕ್ಕರೆ 'ಯಾವ ಕಂಪನಿ ಒಳ್ಳೆಯದು?' ಎಂದು ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: ನಿಮ್ಮ ಮನೆಯ ಎಲ್ಲಕ್ಕಿಂತ ಚಿಕ್ಕ ಮಗುವಿಗೆ ಎಷ್ಟು ವಯಸ್ಸು?

ಮೊದಲ ಹೆಜ್ಜೆ: ವಯಸ್ಸು ಬರೆದುಕೊಳ್ಳಿ

ಹೆಚ್ಚಿನ ದೊಡ್ಡ ಕಂಪನಿಗಳು 6 ತಿಂಗಳು ತುಂಬದ ಮಗುವನ್ನು ಹತ್ತಿಸಿಕೊಳ್ಳುವುದಿಲ್ಲ. ದಿನಗಟ್ಟಲೆ ದಡ ಕಾಣದ ಉದ್ದದ ಪ್ರಯಾಣವಾದರೆ 12 ತಿಂಗಳು ಆಗಿರಬೇಕು. ಹೊಟ್ಟೆಯಲ್ಲಿರುವ ಮಗುವಿಗೂ ಲೆಕ್ಕ ಇದೆ: 24ನೇ ವಾರಕ್ಕೆ ಕಾಲಿಟ್ಟ ಗರ್ಭಿಣಿಯರನ್ನು ಬಹುತೇಕ ಕಂಪನಿಗಳು ಬೇಡ ಎನ್ನುತ್ತವೆ.

ಆಮೇಲಿನ ದೊಡ್ಡ ಗೆರೆ 3 ವರ್ಷ. ಪುಕ್ಕಟೆ ಮಕ್ಕಳ ಕ್ಲಬ್ಬು ಸಾಮಾನ್ಯವಾಗಿ ಅಲ್ಲಿಂದ ಶುರು. ವಯಸ್ಸಾದರೆ ಸಾಲದು, ಮಗು ತಾನಾಗಿಯೇ ಟಾಯ್ಲೆಟ್ಟಿಗೆ ಹೋಗಲು ಕಲಿತಿರಬೇಕು. ರಾಯಲ್ ಕೆರಿಬಿಯನ್‌ನಂಥ ಕಂಪನಿಗಳಲ್ಲಿ ಈಜುವ ಡೈಪರ್ ಹಾಕಿದ ಮಗುವನ್ನೂ ದೊಡ್ಡ ಕೊಳಕ್ಕೆ ಇಳಿಸುವಂತಿಲ್ಲ. ಮೂರಕ್ಕಿಂತ ಚಿಕ್ಕವರಿಗೆ ನರ್ಸರಿ ಇರುವ ಹಡಗುಗಳು ಕೆಲವೇ. ಡಿಸ್ನಿ ಹಡಗುಗಳಲ್ಲಿ 6 ತಿಂಗಳಿಂದ 3 ವರ್ಷದವರೆಗಿನ ಮಕ್ಕಳಿಗೆ ನರ್ಸರಿ ಇದೆ, ಆದರೆ ಗಂಟೆಗೆ ಇಷ್ಟು ಎಂದು ಬೇರೆ ದುಡ್ಡು ಕೊಡಬೇಕು.

ದೊಡ್ಡ ಮಕ್ಕಳದು ಬೇರೆಯೇ ಕಥೆ. ಎಂಟನೇ ಕ್ಲಾಸಿನ ಹುಡುಗನನ್ನು ಬಣ್ಣ ಹಚ್ಚುವ ಪುಟಾಣಿಗಳ ಜೊತೆ ಕೂರಿಸಿ ನೋಡಿ, ಅರ್ಧ ಗಂಟೆಯಲ್ಲಿ ಕೋಣೆಗೆ ಬಂದು ಮೊಬೈಲ್ ಹಿಡಿಯುತ್ತಾನೆ. ಅವನ ವಯಸ್ಸಿನವರಿಗೇ ಜಾಗ ಇದೆಯಾ ಎಂದು ಕೇಳಿ. ಇನ್ನು ನೀರಿನ ಜಾರುಬಂಡೆ, ಗೋಡೆ ಹತ್ತುವುದು ಇವಕ್ಕೆಲ್ಲ ಎತ್ತರದ ಮಿತಿ ಇರುತ್ತದೆ. ಹಡಗಿನ ವೆಬ್‌ಸೈಟಿನಲ್ಲಿ ಆ ಅಳತೆ ಹುಡುಕಿ, ಬಾಗಿಲ ಚೌಕಟ್ಟಿನಲ್ಲಿ ಪೆನ್ಸಿಲ್ ಗೆರೆ ಎಳೆದು, ಮಗುವನ್ನು ನಿಲ್ಲಿಸಿ ನೋಡಿ. ಹಡಗು ಹತ್ತಿದ ಮೇಲೆ ಅಳುವುದಕ್ಕಿಂತ ಮನೆಯಲ್ಲಿ ಅಳುವುದು ಅಗ್ಗ.

ಒಂದು ಮಾತು ನಮ್ಮ ಕಡೆಯವರಿಗೇ ಇರುವುದು. ನಮ್ಮ ಮಕ್ಕಳಿಗೆ ಕನ್ನಡ, ತುಳು, ಮಲಯಾಳ ಮೂರೂ ನಾಲಿಗೆ ತುದಿಯಲ್ಲಿರುತ್ತವೆ. ಕ್ಲಬ್ಬಿನಲ್ಲಿ ಬೇಕಾಗುವ ಇಂಗ್ಲಿಷ್ ಮಾತ್ರ ಗಂಟಲಿನಿಂದ ಹೊರಬರುವುದಿಲ್ಲ. ಟಾಯ್ಲೆಟ್, ನೀರು, ಅಮ್ಮ ಬೇಕು: ಈ ಮೂರನ್ನು ಇಂಗ್ಲಿಷಿನಲ್ಲಿ ಕೇಳುವುದನ್ನು ಹೊರಡುವ ತಿಂಗಳ ಮೊದಲೇ ಅಭ್ಯಾಸ ಮಾಡಿಸಿ.

ಎರಡನೆಯದು ಕ್ಯಾಲೆಂಡರ್, ಇಲ್ಲೇ ನಮಗೆ ತಲೆಬಿಸಿ

ಮಂಗಳೂರು, ಪುತ್ತೂರಿನ ನೆಂಟರಿಗೆ ದಸರಾ ರಜೆ ಉದ್ದ. ನಮ್ಮ ಮಕ್ಕಳು ಕನ್ನಡ ಮಾಧ್ಯಮದಲ್ಲಿ ಓದಿದರೂ ಶಾಲೆ ಕೇರಳದ್ದು, ಹಾಗಾಗಿ ಓಣಂ ರಜೆ. ಎರಡೂ ಮನೆಯ ಮಕ್ಕಳು ಒಟ್ಟಿಗೆ ಹೋಗಬೇಕೆಂದರೆ ಉಳಿಯುವುದು ಬೇಸಿಗೆ ರಜೆ, ಇಲ್ಲವಾದರೆ ಕ್ರಿಸ್‌ಮಸ್ ಹೊತ್ತಿನ ನಾಲ್ಕು ದಿನ. ಕ್ರಿಸ್‌ಮಸ್ಸಿಗೆ ಎಲ್ಲ ಕಡೆ ದರ ಏರಿರುತ್ತದೆ.

ಓಣಂ ಬರುವುದು ಆಗಸ್ಟ್, ಸೆಪ್ಟೆಂಬರಿನಲ್ಲಿ. ಆಗ ನಮ್ಮ ಸಮುದ್ರ ಹೇಗಿರುತ್ತದೆ ಎಂದು ಕಾಸರಗೋಡಿನವರಿಗೆ ಹೇಳಬೇಕಾಗಿಲ್ಲ, ಅಲ್ವಾ? ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯ ಕ್ರೂಸ್ ತಣ್ಣಗಾಗುತ್ತದೆ. ನಮ್ಮ ದೇಶದ ಕ್ರೂಸ್ ಕಂಪನಿ ಕೊರ್ಡೇಲಿಯಾದ ಹಡಗು ಹಿಂದಿನ ಮಳೆಗಾಲಗಳಲ್ಲಿ ಚೆನ್ನೈಗೆ ಹೋಗಿ ಅಲ್ಲಿಂದ ಶ್ರೀಲಂಕಾ ಕಡೆಗೆ ಓಡಿದ್ದಿದೆ. ಓಣಂ ರಜೆಯಲ್ಲೇ ಹೋಗಬೇಕು ಎನ್ನುವವರು ಸಿಂಗಪುರದ ಕಡೆ ನೋಡುವುದು ಒಳ್ಳೆಯದು. ಅಲ್ಲಿನ ಮಲಕ್ಕಾ ಜಲಸಂಧಿ ಎರಡೂ ಬದಿ ನೆಲ ಇರುವ ನೀರು. ನಮ್ಮ ಆಟಿ ತಿಂಗಳ ಮಳೆಗಾಲದ ಕಡಲಿನಷ್ಟು ಕುಣಿಸುವುದಿಲ್ಲ.

ಎಲ್ಲಿಂದ ಹತ್ತುವುದು?

ಚಳಿಗಾಲದಲ್ಲಿ ಮಂಗಳೂರಿನ ಪಣಂಬೂರು ಬಂದರಿಗೆ ವಿದೇಶಿ ಕ್ರೂಸ್ ಹಡಗು ಬಂದ ಸುದ್ದಿ ಪೇಪರಿನಲ್ಲಿ ಬರುತ್ತದೆ. ಪ್ರವಾಸಿಗಳು ಇಳಿದು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿ ದೇವಸ್ಥಾನ ನೋಡಿ ಸಂಜೆಗೆ ಹೊರಡುತ್ತಾರೆ. ಅದು ಬಂದು ಹೋಗುವ ಹಡಗು, ನಾವು ಅಲ್ಲಿ ಬ್ಯಾಗ್ ಹಿಡಿದು ನಿಂತರೆ ಹತ್ತಿಸಿಕೊಳ್ಳುವುದಿಲ್ಲ. ನಮಗೆ ದಾರಿ ಮೂರು.

ಒಂದು, ದೇಶದೊಳಗಿನ ಪ್ರಯಾಣ. ಕೊರ್ಡೇಲಿಯಾ 2021ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಶುರುವಾಯಿತು. ಗೋವಾ, ಕೊಚ್ಚಿ, ಲಕ್ಷದ್ವೀಪ ಅದರ ಮಾಮೂಲಿ ದಾರಿ. ಕೆಲವು ಪ್ರಯಾಣಗಳಲ್ಲಿ ಕೊಚ್ಚಿಯಲ್ಲೂ ಹತ್ತಬಹುದು, ಅಲ್ಲಿಗೆ ನಮಗೆ ವಂದೇ ಭಾರತ್ ಇದೆ. ಪಾಸ್‌ಪೋರ್ಟ್ ಬೇಡ, ಊಟ ನಮ್ಮದೇ ರುಚಿಗೆ ಹತ್ತಿರ. ಅಜ್ಜ ಅಜ್ಜಿಯನ್ನು ಕರೆದುಕೊಂಡು ಹೋಗುವವರಿಗೆ ಇದು ಸಲೀಸು. ಆದರೆ ಒಂದು ವಿಷಯ ತಿಳಿದಿರಲಿ. ಅದರ ಎಂಪ್ರೆಸ್ ಹಡಗು 1990ರಲ್ಲಿ ರಾಯಲ್ ಕೆರಿಬಿಯನ್‌ಗಾಗಿ ಕಟ್ಟಿದ್ದು, ಸುಮಾರು 48,500 ಟನ್ನಿನದು. ಜಾಹೀರಾತಿನಲ್ಲಿ ಊರಿನಷ್ಟು ದೊಡ್ಡದಾಗಿ ಕಾಣುವ ಐಕಾನ್ ಆಫ್ ದ ಸೀಸ್ 2024ರದ್ದು, 2,48,000 ಟನ್ ದಾಟುತ್ತದೆ, ಹೊರಡುವುದು ಅಮೆರಿಕದ ಮಯಾಮಿಯಿಂದ. ಅದರ ವಿಡಿಯೊ ನೋಡಿ ಇದನ್ನು ಬುಕ್ ಮಾಡಿದರೆ ಮಕ್ಕಳ ಮುಖ ಸಣ್ಣದಾಗುತ್ತದೆ. ಲಕ್ಷದ್ವೀಪದಲ್ಲಿ ದೊಡ್ಡ ಹಡಗು ದಡಕ್ಕೆ ತಾಗುವುದಿಲ್ಲ, ಸಣ್ಣ ದೋಣಿಗೆ ಇಳಿದು ಹೋಗಬೇಕು. ಗಾಳಿ ಜಾಸ್ತಿ ಇದ್ದರೆ ಆ ಇಳಿಯುವಿಕೆಯೇ ರದ್ದಾಗಬಹುದು. ಮಕ್ಕಳಿಗೆ 'ದ್ವೀಪಕ್ಕೆ ಹೋಗಿಯೇ ಹೋಗುತ್ತೇವೆ' ಎಂದು ಮಾತು ಕೊಡಬೇಡಿ.

ಲಕ್ಷದ್ವೀಪವೇ ಗುರಿಯಾದರೆ ಕೊಚ್ಚಿಯಿಂದ ಎಂ.ವಿ. ಕವರತ್ತಿ ಹಡಗಿನಲ್ಲಿ ಲಕ್ಷದ್ವೀಪ ಆಡಳಿತದ 'ಸಮುದ್ರಂ' ಪ್ಯಾಕೇಜ್ ಇದೆ. ಅದರಲ್ಲಿ ಕ್ಯಾಸಿನೊ ಇಲ್ಲ, ಜಾರುಬಂಡೆಯೂ ಇಲ್ಲ. ಹತ್ತು ದಾಟಿದ, ಮೀನು ಹವಳ ನೋಡುವ ಹುಚ್ಚಿರುವ ಮಕ್ಕಳಿಗೆ ನನ್ನ ಓಟು ಇದಕ್ಕೆ.

ಎರಡನೆಯ ದಾರಿ ಸಿಂಗಪುರ. ಇಲ್ಲಿ ಆಯ್ಕೆ ಜಾಸ್ತಿ. ಸ್ಟಾರ್‌ಡ್ರೀಮ್ ಕ್ರೂಸಸ್‌ನ (2025ರವರೆಗೆ ಹೆಸರು ರೆಸಾರ್ಟ್ಸ್ ವರ್ಲ್ಡ್ ಕ್ರೂಸಸ್) ಗೆಂಟಿಂಗ್ ಡ್ರೀಮ್ ಹಡಗಿನಲ್ಲಿ ಭಾರತೀಯ ಸಸ್ಯಾಹಾರ, ಜೈನ ಊಟ, ಹಲಾಲ್ ಅಡುಗೆ ಸಿಗುತ್ತದೆ. ಎರಡು ಮೂರು ರಾತ್ರಿಯ ಚಿಕ್ಕ ಪ್ರಯಾಣಗಳಿವೆ. ರಾಯಲ್ ಕೆರಿಬಿಯನ್ ಸೀಸನ್ ನೋಡಿ ಹಡಗು ಬದಲಿಸುತ್ತದೆ. ಹಾಗಾಗಿ ಕಂಪನಿಯ ಹೆಸರು ನೋಡಿ ತೃಪ್ತಿಪಡದೆ ನಿಮ್ಮ ತಾರೀಕಿನ ಹಡಗು ಯಾವುದು ಎಂದು ಕೇಳಿ. ಡಿಸ್ನಿ ಅಡ್ವೆಂಚರ್ ಹೊರಡುವುದೂ ಇದೇ ಊರಿನಿಂದ. 2025ರ ಡಿಸೆಂಬರಿನಲ್ಲಿ ಹೊರಡಬೇಕಿದ್ದದ್ದನ್ನು 2026ರ ಮಾರ್ಚಿಗೆ ಮುಂದೂಡಿದರು. ಅದರ 3, 4 ರಾತ್ರಿಯ ಪ್ರಯಾಣದಲ್ಲಿ ಬೇರೆ ಊರಿನಲ್ಲಿ ಇಳಿಯುವುದೇ ಇಲ್ಲ. ಹಡಗೇ ಜಾತ್ರೆ. ಐದರಿಂದ ಹತ್ತು ವರ್ಷದ, ಡಿಸ್ನಿ ಗೊಂಬೆಗಳ ಹೆಸರೆಲ್ಲ ಬಾಯಿಪಾಠ ಇರುವ ಮಗುವಿಗೆ ಅದು ಸ್ವರ್ಗ. ಗೊಂಬೆಗಳ ಗುರುತೇ ಇಲ್ಲದ ಮಗುವಿಗೆ ಸುಮ್ನೆ ದುಬಾರಿ.

ಮೂರನೆಯದು ಗಲ್ಫ್. ದುಬಾಯಿಯಲ್ಲಿ ಚಿಕ್ಕಪ್ಪನೋ ಮಾವನೋ ಇಲ್ಲದ ಮನೆ ನಮ್ಮಲ್ಲಿ ಕಡಿಮೆ. ಚಳಿಗಾಲದಲ್ಲಿ ಎಂಎಸ್‌ಸಿಯಂಥ ಕಂಪನಿಗಳು ಅಲ್ಲಿಂದ ವಾರದ ಪ್ರಯಾಣ ನಡೆಸುತ್ತ ಬಂದಿವೆ. ಎಂಎಸ್‌ಸಿ ಎಷ್ಟೋ ಸಲ ಅಪ್ಪ ಅಮ್ಮನ ಕೋಣೆಯಲ್ಲೇ ಉಳಿಯುವ ಮಕ್ಕಳಿಗೆ ಟಿಕೆಟ್ ದರ ಹಾಕದೆ ಬಂದರು ಶುಲ್ಕ ಮಾತ್ರ ಹಾಕುತ್ತದೆ. ಆ ಕಡೆಯ ಪರಿಸ್ಥಿತಿ ನೋಡಿಕೊಂಡು ಮುಂದುವರಿಯಿರಿ.

ಲೆಕ್ಕ ಹಾಕುವಾಗ

ಜಾಹೀರಾತಿನ ದರ ಒಬ್ಬರಿಗೆ, ಅದೂ ಒಂದು ಕೋಣೆಯಲ್ಲಿ ಇಬ್ಬರು ಇದ್ದರೆ. ಮೂರನೆಯ, ನಾಲ್ಕನೆಯ ತಲೆಗೆ ಕಡಿಮೆ ಆಗುತ್ತದೆ. ಐದನೆಯ ತಲೆಗೆ ಮಾತ್ರ ಹೆಚ್ಚಿನ ಕಡೆ ಇನ್ನೊಂದು ಕೋಣೆಯೇ ಬೇಕು. ಅಜ್ಜ ಅಜ್ಜಿ ಸೇರಿ ಆರು ಜನ ಇದ್ದರೆ ನಡುವೆ ಬಾಗಿಲಿರುವ ಜೋಡಿ ಕೋಣೆ ಕೇಳಿ, ಅವು ಬೇಗ ಹೋಗುತ್ತವೆ.

ದರದ ಮೇಲೆ ಬಂದರು ಶುಲ್ಕ, ತೆರಿಗೆ, ಟಿಪ್ಸ್. ಟಿಪ್ಸ್ ಎಂದರೆ ನಮ್ಮಲ್ಲಿ ಮನಸ್ಸಿದ್ದರೆ ಕೊಡುವುದು. ವಿದೇಶಿ ಹಡಗಿನಲ್ಲಿ ಅದು ಬಿಲ್ಲಿಗೆ ತಾನಾಗಿ ಸೇರುತ್ತದೆ, ಎಷ್ಟೋ ಕಡೆ ಮಕ್ಕಳಿಗೂ. ದಿನಕ್ಕೆ ತಲೆಗೆ 18 ಡಾಲರ್ ಹಿಡಿದರೂ ನಾಲ್ಕು ಜನ, ನಾಲ್ಕು ರಾತ್ರಿಗೆ 288 ಡಾಲರ್. 25 ಸಾವಿರ ರೂಪಾಯಿ ದಾಟುತ್ತದೆ. ವೈಫೈ ಬೇರೆ. ಮಕ್ಕಳು ಕೇಳುವ ತಂಪು ಪಾನೀಯ ಬೇರೆ. ವಿದೇಶಿ ಪ್ಯಾಕೇಜಿಗೆ ಏಜೆಂಟ್ ಟಿಸಿಎಸ್, ಅಂದರೆ ದುಡ್ಡು ಕಟ್ಟುವಾಗಲೇ ವಸೂಲಿ ಮಾಡುವ ತೆರಿಗೆ, ಹಿಡಿಯುತ್ತಾರೆ. ಅದನ್ನು ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು, ರಸೀದಿ ಬಿಸಾಡಬೇಡಿ.

ಎಲ್ಲ ಸೇರಿಸಿ, ರೈಲು ಮತ್ತು ಒಂದು ರಾತ್ರಿಯ ಲಾಡ್ಜನ್ನೂ ಹಾಕಿ, ಆಮೇಲೆ ಎರಡು ಕಂಪನಿಗಳನ್ನು ಹೋಲಿಸಿ. ಆ ಒಂದು ರಾತ್ರಿ ಉಳಿಸಲು ಹೋಗಬೇಡಿ. ಹಡಗು ಹೊರಡುವ ಬೆಳಿಗ್ಗೆ ಮುಂಬಯಿ ತಲುಪುವ ರೈಲು ನಂಬಿದರೆ, ಕೊಂಕಣ ದಾರಿಯಲ್ಲಿ ಎಲ್ಲಿಯಾದರೂ ನಿಂತಾಗ ಎದೆ ಡವಡವ. ಹಡಗು ಕಾಯುವುದಿಲ್ಲ.

ರದ್ದತಿಯ ನಿಯಮವನ್ನೂ ಓದಿ. ಜಲೇಶ್ ಎಂಬ ಕಂಪನಿ 2019ರಲ್ಲಿ ಮುಂಬಯಿಯಿಂದ ಕರ್ಣಿಕಾ ಹಡಗು ಓಡಿಸಿತು, 2020ರಲ್ಲಿ ಮುಚ್ಚಿತು. ಈ ವ್ಯಾಪಾರದಲ್ಲಿ ಅದೂ ಆಗುತ್ತದೆ.

ಕೋಣೆ, ಊಟ, ವಾಂತಿ

ಕಿಟಕಿ ಇಲ್ಲದ ಒಳಕೋಣೆ ಎಲ್ಲಕ್ಕಿಂತ ಅಗ್ಗ. ಸುಮಾರು 150 ಚದರ ಅಡಿ ಎಂದುಕೊಳ್ಳಿ, ಹಳೆಯ ಹಡಗಿನಲ್ಲಿ ಇನ್ನೂ ಚಿಕ್ಕದು. ಬೇಸರದ ಕೋಣೆ ಎನ್ನುತ್ತಾರೆ, ನನಗೆ ಇಷ್ಟವಾಯಿತು. ದೀಪ ಆರಿಸಿದರೆ ಹಗಲಲ್ಲೂ ಕತ್ತಲೆ, ಮಗು ಮಧ್ಯಾಹ್ನ ಚೆನ್ನಾಗಿ ನಿದ್ದೆ ಮಾಡುತ್ತದೆ. ಕುರ್ಚಿ ಎಳೆದು ಹತ್ತುವ ವಯಸ್ಸಿನ ಮಗು ಇದ್ದರೆ ಬಾಲ್ಕನಿ ಬೇಡವೇ ಬೇಡ, ದುಡ್ಡೂ ಉಳಿಯುತ್ತದೆ, ಜೀವವೂ ನಿರಾಳ.

ಕೋಣೆ ಹಡಗಿನ ನಡುವೆ, ಕೆಳಗಿನ ಡೆಕ್ಕಿನಲ್ಲಿ ಇರಲಿ. ತೊಟ್ಟಿಲಿನ ತುದಿ ತೂಗಿದಷ್ಟು ನಡು ತೂಗುವುದಿಲ್ಲವಲ್ಲ, ಅದೇ ಲೆಕ್ಕ. ಮಗುವಿಗೆ ಹಡಗು ಆಗಿಬರುತ್ತದಾ ಎಂದು ಮೊದಲೇ ಅಂದಾಜು ಮಾಡಬೇಕೆ? ಪಾಣತ್ತೂರಿನಿಂದ ಕರಿಕೆಯ ಘಾಟಿ ದಾರಿಯಲ್ಲಿ ಭಾಗಮಂಡಲಕ್ಕೆ ಒಮ್ಮೆ ಹೋಗಿ ಬನ್ನಿ. ಅಲ್ಲಿ ವಾಂತಿಗೆ ಕವರ್ ಕೇಳಿದವರು ಹಡಗಿನಲ್ಲೂ ಕೇಳುವ ಸಾಧ್ಯತೆ ಜಾಸ್ತಿ. ದೊಡ್ಡವರು ನುಂಗುವ ಪ್ರಯಾಣದ ಮಾತ್ರೆಯನ್ನು ಅರ್ಧ ಮುರಿದು ಮಗುವಿಗೆ ಕೊಡಬೇಡಿ. ಕೆಲವು ಮಾತ್ರೆಗಳು 2 ವರ್ಷದೊಳಗಿನವರಿಗೆ ಕೊಡಲೇಬಾರದಂಥವು. ಡಾಕ್ಟರನ್ನು ಕೇಳಿ ಚೀಟಿ ಬರೆಸಿಕೊಳ್ಳಿ.

ಅಜ್ಜಿಗೆ ಕುಚ್ಚಲಕ್ಕಿ ಗಂಜಿ ಬೇಕೆಂದು ರೈಸ್ ಕುಕ್ಕರ್ ಕಟ್ಟಿಕೊಂಡು ಹೋದರೆ ಸೆಕ್ಯೂರಿಟಿಯಲ್ಲೇ ತೆಗೆದಿಡುತ್ತಾರೆ. ಬಿಸಿ ಮಾಡುವ ಕರೆಂಟಿನ ಸಾಮಾನು ಯಾವುದಕ್ಕೂ ಬಿಡುವುದಿಲ್ಲ, ಬೆಂಕಿಯ ಭಯ. ಮನೆಯ ಅಡುಗೆಗೂ ಅಡ್ಡಿ. ಸೀಲ್ ಮಾಡಿದ ಬಾಳೆಕಾಯಿ ಚಿಪ್ಸ್ ಪ್ಯಾಕೆಟ್ ಸಾಮಾನ್ಯವಾಗಿ ದಾಟುತ್ತದೆ. ಶುದ್ಧ ಸಸ್ಯಾಹಾರವಾದರೆ, ಈರುಳ್ಳಿ ಬೆಳ್ಳುಳ್ಳಿ ಬೇಡವಾದರೆ, ಬುಕ್ ಮಾಡುವಾಗಲೇ ಬರೆಸಿ, ಇಮೇಲ್ ಉತ್ತರ ತರಿಸಿಕೊಳ್ಳಿ. ಫೋನಿನಲ್ಲಿ 'ಎಲ್ಲ ಸಿಗುತ್ತದೆ' ಎಂದದ್ದು ಹಡಗಿನ ಅಡುಗೆಯವನಿಗೆ ಗೊತ್ತಿರುವುದಿಲ್ಲ.

ಕಾಗದಪತ್ರ

ಮಕ್ಕಳ ಪಾಸ್‌ಪೋರ್ಟಿಗೆ 5 ವರ್ಷವೇ ಆಯುಸ್ಸು. ದೊಡ್ಡವರದ್ದರಂತೆ 10 ವರ್ಷ ಎಂದುಕೊಂಡು ಸುಮ್ಮನಿರಬೇಡಿ. ಪ್ರಯಾಣದ ಹೊತ್ತಿಗೆ ಇನ್ನೂ 6 ತಿಂಗಳು ಬಾಕಿ ಇರಬೇಕು. ಸಿಂಗಪುರದಿಂದ ಹಡಗು ಹೊರಟರೆ ದೇಶ ಬಿಟ್ಟ ಹಾಗೆ, ಮರಳಿದರೆ ಮತ್ತೆ ಪ್ರವೇಶ. ಹಾಗಾಗಿ ಒಂದಕ್ಕಿಂತ ಹೆಚ್ಚು ಸಲ ಒಳಬರಲು ಬಿಡುವ ವೀಸಾವೇ ಇರಬೇಕು. ಅಲ್ಲಿ ಕ್ರೂಸ್ ಟರ್ಮಿನಲ್ ಎರಡಿವೆ, ಟ್ಯಾಕ್ಸಿ ಹತ್ತುವ ಮೊದಲು ಯಾವುದೆಂದು ಟಿಕೆಟ್ಟಿನಲ್ಲಿ ನೋಡಿ. ದೇಶದೊಳಗಿನ ಪ್ರಯಾಣಕ್ಕೆ ಎಲ್ಲರ ಆಧಾರ್ ಅಸಲಿ ಪ್ರತಿ, ಮಗುವಿನ ಜನನ ಪತ್ರ ಇರಲಿ.

ದೊಡ್ಡ ಬ್ಯಾಗು ಬಂದರಿನಲ್ಲೇ ತೆಗೆದುಕೊಂಡು ಸಂಜೆ ಕೋಣೆಗೆ ತಲುಪಿಸುತ್ತಾರೆ. ಈಜುಡುಗೆ, ಔಷಧಿ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಬೇಕು, ಇಲ್ಲವಾದರೆ ಮೊದಲ ದಿನವಿಡೀ ಮಕ್ಕಳು ಕೊಳದ ಸುತ್ತ ಯೂನಿಫಾರ್ಮಿನಂತೆ ಜೀನ್ಸಿನಲ್ಲೇ ಸುತ್ತುತ್ತಾರೆ.

ನಮ್ಮ ಮಗಳಿಗೆ ಈಗ ನಾಲ್ಕು ದಾಟಿದೆ. ಡೈಪರ್ ಬಿಟ್ಟು ವರ್ಷವಾಯಿತು, ಕ್ಲಬ್ಬಿನ ಬಾಗಿಲಲ್ಲಿ ಇನ್ನು ಯಾರೂ ಸೊಂಟ ನೋಡಬೇಕಾಗಿಲ್ಲ. ಅಡುಗೆಕೋಣೆಯ ಬಾಗಿಲಲ್ಲಿ ಜಾರುಬಂಡೆಯ ಗೆರೆ ಎಳೆದಿದ್ದೇನೆ. ಭಾನುವಾರಕ್ಕೊಮ್ಮೆ ತಾನಾಗಿ ಬಂದು ಬೆನ್ನು ತಾಗಿಸಿ ನಿಲ್ಲುತ್ತಾಳೆ. ಇನ್ನೂ ಎರಡು ಬೆರಳು ಬಾಕಿ. ಬುಕ್ಕಿಂಗ್ ಮಾಡಿಲ್ಲ.